ಹಿತ್ತಲದಾಗ ಪೂಲ್: ಫ್ರೇಮ್, ಶೀಟ್ ತೊಟ್ಟಿ, ಆರ್‌ಸಿಸಿ ಮೂರೂ ಮಾಡಿ ನೋಡಿದ್ಮ್ಯಾಲ

ರಾಯಚೂರಾಗ ಮನಿ ಕಟ್ಟಿಸಿ ಹಿತ್ತಲದಾಗ ಒಂದಿಷ್ಟು ಜಾಗ ಉಳಿಸ್ಕೊಂಡವ್ರಿಗೆ ಏಪ್ರಿಲ್ ಬಂತಂದ್ರ ತಲ್ಯಾಗ ಒಂದೇ ವಿಚಾರ, ಇಲ್ಲೊಂದು ಸಣ್ಣ ಪೂಲ್ ಮಾಡ್ಸಿದ್ರ ಹ್ಯಾಂಗ ಅಂತ. 42 ಡಿಗ್ರಿ ಬಿಸಿಲಾಗ ಕಾದ ಗೋಡಿ ಸಂಜಿ ಏಳಾದ್ರೂ ಮುಟ್ಟಿದ್ರ ಸುಡ್ತೈತಿ, ಹುಡುಗ್ರಿಗೆ ಸೂಟಿ, ಕರೆಂಟು ಹೋದ್ರ ಒಳಗ ಕುಂದ್ರಾಕ ಆಗಲ್ಲ, ಹಂಗಾಗಿ ಆ ಆಸೆ ತಪ್ಪು ಅಂತ ನಾನು ಯಾರಿಗೂ ಹೇಳಲ್ಲ. ನಂದೂ ನಮ್ಮ ಅಣ್ಣಂದೂ ಅಕ್ಕಪಕ್ಕದ ಎರಡು 40-60 ಸೈಟು, ನಡುವ ಗೋಡಿ ಹಾಕಿಲ್ಲ, ಹಿತ್ತಲ ಎರಡೂ ಮನಿಗೆ ಒಂದೇ. ಅಲ್ಲಿ 2020ರಾಗ ಫ್ರೇಮ್ ಪೂಲ್ ಇಟ್ವಿ, 2022ರಾಗ ಇಟ್ಟಿಗಿ ಕಟ್ಟಿ ಕೃಷಿ ಹೊಂಡಕ್ಕ ಹಾಕೋ ಶೀಟ್ ಹಾಸಿ ತೊಟ್ಟಿ ಮಾಡಿದ್ವಿ, 2023ಕ್ಕ ಅಣ್ಣ ಆರ್‌ಸಿಸಿ ಪೂಲೇ ಕಟ್ಟಿಸಿದ. ಮೂರಕ್ಕೂ ನೀರು ಬಿಟ್ಟು, ಪಾಚಿ ತಿಕ್ಕಿ, ಲೆಕ್ಕ ಬರದಿಟ್ಟಾವ ನಾನು, ಅದಕ್ಕ ಈಗ ಯಾರಾದ್ರೂ ಕೇಳಿದ್ರ ಅಂಗಡಿ ರೇಟು ಹೇಳೋಕ್ಕಿಂತ ಮೊದ್ಲು ನಿಮ್ಮ ಹಿತ್ತಲದ ಮಣ್ಣು ಯಾವ್ದು, ನೀರು ಎಲ್ಲಿಂದ ತರ್ತೀರಿ ಅಂತ ಕೇಳ್ತೀನಿ.

ಫ್ರೇಮ್ ಪೂಲ್ ಅಂದ್ರ ಕಬ್ಬಿಣದ ಪೈಪು ಜೋಡಿಸಿ ನಡುವ ದಪ್ಪ ಪ್ಲಾಸ್ಟಿಕ್ ಚೀಲ ಇಳಿಬಿಡೋದು. ನಾವು ತಂದದ್ದು 10 ಫೂಟಿನ ದುಂಡಂದು, 30 ಇಂಚು ಎತ್ತರ, ಸಣ್ಣ ಫಿಲ್ಟರ್ ಪಂಪ್ ಸೇರಿ 16,500 ರೂಪಾಯಿ. ನೀರು ಸುಮಾರು 4,500 ಲೀಟರ್ ಹಿಡೀತೈತಿ, ಅಂದ್ರ ಒಂದು ಟ್ಯಾಂಕರ್‌ಕ್ಕಿಂತ ಸ್ವಲ್ಪ ಕಮ್ಮಿ. ಇಬ್ರು ಸೇರಿ ಒಂದು ತಾಸಿನಾಗ ನಿಲ್ಲಿಸ್ಬಹುದು, ಆದ್ರ ಜಾಗ ಸಮ ಮಾಡಾಕ ನಮಗ ಎರಡು ದಿನ ಬೇಕಾತು, ಯಾಕಂದ್ರ ಒಂದ್ಕಡಿ ಒಂದಿಂಚು ಇಳಿಜಾರಿದ್ರೂ ನೀರಿನ ಭಾರ ಎಲ್ಲಾ ಆ ಕಡಿನೇ ವಾಲ್ತೈತಿ, ಪೈಪಿನ ಕಾಲು ಮಣ್ಣಾಗ ಇಳೀತಾವ. ಮೊದ್ಲ ವರ್ಷ ಬರೇ ನೆಲದ ಮ್ಯಾಲ ತಾಡಪತ್ರಿ ಹಾಸಿ ಇಟ್ವಿ, ಹದಿನೈದು ದಿನಕ್ಕ ತಳದಾಗಿಂದ ನೀರು ಜಿನುಗಾಕ ಹತ್ತಿತು, ಎತ್ತಿ ನೋಡಿದ್ರ ಜೇಕಿನ ಹುಲ್ಲಿನ ಮೊಳಕಿ ತಾಡಪತ್ರಿನೂ ತೂರಿ ಪೂಲಿನ ತಳಾನೂ ತೂರಿ ಬಂದಿತ್ತು. ಜೇಕು ಇರೋ ನೆಲ ಇದ್ರ ಗಡ್ಡಿ ಸಮೇತ ಅಗದು ತಗೀರಿ, ಎರಡಿಂಚು ಉಸುಕು ಹಾಕ್ರಿ, ಅದರ ಮ್ಯಾಲ ಶಾಬಾದ್ ಕಲ್ಲು ಹಾಸಿದ್ರ ಇನ್ನೂ ಚಲೋ. ಎರಡ್ನೇ ವರ್ಷ ಹಂಗೇ ಮಾಡಿದ್ವಿ, ಒಂದು ಹನಿ ಸೋರಲಿಲ್ಲ.

ಇಲ್ಲೊಂದು ಮಾತು ಒತ್ತಿ ಹೇಳ್ತೀನಿ. ಹಿತ್ತಲ ಇಲ್ಲದವ್ರು ಇದನ್ನ ಮಾಳಿಗಿ ಮ್ಯಾಲ ಇಡಬಹುದಲ್ಲ ಅಂತಾರ, ನಮ್ಮ ಓಣ್ಯಾಗೂ ಒಬ್ರು ಇಡಾಕ ಹೊಂಟಿದ್ರು, ಕೈ ಹಿಡಿದು ಕುಂದ್ರಿಸಿ ಲೆಕ್ಕ ತೋರಿಸ್ದೆ. 65 ಸೆಂಟಿಮೀಟರ್ ನೀರು ನಿಂತ್ರ ಒಂದು ಚದರ ಮೀಟರಿಗೆ 650 ಕೆಜಿ ಭಾರ. ಮನಿ ಮಾಳಿಗಿ ಡಿಸೈನ್ ಮಾಡೋದು ಓಡಾಡೋ ಮಂದಿ, ಸಾಮಾನು ಅಂತ ಹಿಡ್ಕೊಂಡು ಚದರ ಮೀಟರಿಗೆ 150 ರಿಂದ 200 ಕೆಜಿಗೆ. ಮೂರು ಪಟ್ಟಿಗಿಂತ ಹೆಚ್ಚಾತು, ಕೆಳಗ ಮಂದಿ ಮಲಗಿರ್ತಾರ. ಸಿಂಟೆಕ್ಸ್ ಇಡ್ತೀವಲ್ಲ ಅಂದ್ರ ಅದನ್ನ ಕಾಲಮ್ ಮ್ಯಾಲ, ತೊಲಿ ಮ್ಯಾಲ ಇಡ್ತೀವಿ, ನಡು ಸ್ಲ್ಯಾಬಿನ ಮ್ಯಾಲ ಅಲ್ಲ.

ಎರಡು ಬ್ಯಾಸಿಗಿ ಆದ್ಮ್ಯಾಲ ಹುಡುಗ್ರು ಬೆಳದ್ರು, 10 ಫೂಟಿನಾಗ ಕಾಲು ಚಾಚಿದ್ರ ಇನ್ನೊಬ್ರಿಗೆ ತಾಗ್ತೈತಿ, ದೊಡ್ಡದು ಬೇಕು ಅಂತ ಹಟ. ಆಗ ಮಾನ್ವಿ ಕಡಿ ನಮ್ಮ ಸಂಬಂಧಿಕರ ಹೊಲದಾಗ ಕೃಷಿ ಹೊಂಡ ನೋಡಿ ಈ ಶೀಟ್ ವಿಚಾರ ಹೊಳೀತು. ಕೃಷಿ ಭಾಗ್ಯದಾಗ ಹೊಂಡಕ್ಕ ಹಾಸ್ತಾರಲ್ಲ ಕರೀದು, ಅದೇ, 500 ಮೈಕ್ರಾನ್ ದಪ್ಪಂದು. ನೆಲ ಅಗಿಯೋದು ಬ್ಯಾಡ ಅಂತ ನೆಲದ ಮ್ಯಾಲೇ ಫ್ಲೈ ಆಶ್ ಇಟ್ಟಿಗಿ ಕಟ್ಟಿದ್ವಿ, ಶಕ್ತಿನಗರದ ವಿದ್ಯುತ್ ಸ್ಥಾವರದ ಬೂದಿಯಿಂದ ಮಾಡೋ ಇಟ್ಟಿಗಿ ನಮ್ಮಲ್ಲಿ ಸಲೀಸಾಗಿ ಸಿಗ್ತೈತಿ. 12 ಫೂಟ್ ಉದ್ದ, 8 ಅಗಲ, ನೀರು 3 ಫೂಟ್, ಅಂದ್ರ 8,100 ಲೀಟರ್ ಹತ್ರ. ಶೀಟ್ ಮೂಲಿಗೆ ಕತ್ತರಿಸಬಾರ್ದು, ಪೊಟ್ಟಣ ಕಟ್ಟಿದಂಗ ಮಡಚ್ಬೇಕು, ಕತ್ತರಿಸಿ ಅಂಟಿಸಿದ್ರ ಅಲ್ಲೇ ಬಿಡ್ತೈತಿ. ನಮ್ಮ ಗೌಂಡಿ 4 ಇಂಚಿನ ಗೋಡಿ ಸಾಕು ಅಂದ, ನಾನೂ ಹೂಂ ಅಂದೆ, ನೀರು ಎರಡೂವರಿ ಫೂಟ್ ಏರೋದ್ರಾಗ ಉದ್ದನೆ ಗೋಡಿ ನಡುವ ಹೊಟ್ಟಿ ಬಂದಂಗ ಉಬ್ಬಿತು. ತಕ್ಷಣ ಖಾಲಿ ಮಾಡಿದ್ವಿ. ನೀರು ಗೋಡಿನ ಅಡ್ಡಕ್ಕ ನೂಕ್ತೈತಿ, ಆಳ ಹೆಚ್ಚಾದಂಗ ತಳದಾಗ ನೂಕೋದೂ ಹೆಚ್ಚು. ಬಿಚ್ಚಿ 9 ಇಂಚು ಕಟ್ಟಿ ಮ್ಯಾಲ ಒಂದು ಕಾಂಕ್ರೀಟ್ ಪಟ್ಟಿ ಹಾಕಿಸಿದ್ವಿ, ಎರಡು ಸಲದ ಕೂಲಿ ಸೇರಿ 38,000 ಆತು.

ಖರ್ಚಿನ ಲೆಕ್ಕದಾಗ, ಲೀಟರಿಗಿಷ್ಟು ಅಂತ ನೋಡಿದ್ರ ಇದು ಫ್ರೇಮ್ ಪೂಲಿಗಿಂತ ಸ್ವಲ್ಪೇ ಹೆಚ್ಚು, ಆರ್‌ಸಿಸಿಗಿಂತ ಭಾಳ ಅಗ್ಗ, ತೂತು ಬಿದ್ರ ತುಂಡು ಇಟ್ಟು ಬಿಸಿ ಗಾಳಿಲೆ ಅಂಟಿಸಿದ್ರ ಮುಗೀತು. ಆದ್ರೂ ಈಜಾಕ ಅಂತ ಯಾರಿಗೂ ನಾನು ಇದನ್ನ ಹೇಳಲ್ಲ. ಒಂದು, ಕರೀ ಶೀಟ್ ಬಿಸಿಲು ಕುಡೀತೈತಿ, ಮೇ ತಿಂಗಳಾಗ ಮಧ್ಯಾಹ್ನ ಮೂರಕ್ಕ ಮೀನಿನ ತೊಟ್ಟಿ ಥರ್ಮಾಮೀಟರ್ ಬಿಟ್ಟು ನೋಡಿದ್ರ 37 ಡಿಗ್ರಿ, ಅದು ಸ್ನಾನದ ನೀರು. ಬೇವಿನ ನೆರಳಾಗ ಇಟ್ಟ ಫ್ರೇಮ್ ಪೂಲ್ ಅದೇ ಹೊತ್ನಾಗ 31 ಇರ್ತಿತ್ತು. ಎರಡನೇದು ಭಾಳ ದೊಡ್ಡದು: ಪಾಚಿ ಸ್ವಲ್ಪ ಹಿಡೀತಂದ್ರ ಆ ಶೀಟ್ ಮ್ಯಾಲ ಕಾಲು ನಿಲ್ಲಲ್ಲ, ಕೈಗೆ ಹಿಡ್ಕೊಳಾಕ ಏನೂ ಸಿಗಲ್ಲ. ನಮ್ಮ ಭಾಗದಾಗ ಕೃಷಿ ಹೊಂಡಕ್ಕ ಬಿದ್ದ ಹುಡುಗ್ರು ಈಜು ಬಂದ್ರೂ ಮ್ಯಾಲ ಹತ್ತಾಕ ಆಗದೇ ಹೋಗಿದ್ದು ಎಲ್ಲಾರೂ ಕೇಳೀವಿ. ಒಂದಿನ ಅಣ್ಣನ ಸಣ್ಣ ಮಗಳು ಜಾರಿ ಎರಡು ಸಲ ಮುಳುಗಿ ಎದ್ಲು, ನಾನು ಅಲ್ಲೇ ಇದ್ದೆ, ಎತ್ತಿದೆ, ಏನೂ ಆಗಲಿಲ್ಲ, ಆದ್ರ ಅವತ್ತು ರಾತ್ರಿ ನಿದ್ದಿ ಬರಲಿಲ್ಲ. ಮರುದಿನ ಗಂಟು ಹಾಕಿದ ಹಗ್ಗ ನಾಲ್ಕೂ ಕಡಿ ಇಳಿಬಿಟ್ವಿ, ಆ ಬ್ಯಾಸಿಗಿ ಮುಗಿದ ಮ್ಯಾಲ ಅದನ್ನ ಈಜಾಕ ಬಳಸೋದೇ ಬಿಟ್ವಿ.

ಫೈಬರಿನ ರೆಡಿಮೇಡ್ ಪೂಲನ್ನೂ ವಿಚಾರಿಸಿದ್ವಿ, ಆದ್ರ ಒಂದೇ ತುಂಡಾಗಿ ಬರೋ ಅದನ್ನ ಇಳಸಾಕ ಕ್ರೇನ್ ಬೇಕು, ನಮ್ಮ ಓಣ್ಯಾಗ ಲಾರಿನೇ ತಿರುಗಲ್ಲ, ಅಲ್ಲಿಗೇ ಬಿಟ್ವಿ.

ಆರ್‌ಸಿಸಿ ವಿಷಯಕ್ಕ ಬರ್ತೀನಿ. 20 ಫೂಟ್ ಉದ್ದ, 10 ಅಗಲ, 4 ಆಳ, ಸುಮಾರು 22,600 ಲೀಟರ್. ಅಗಿಯೋದು, ಕಬ್ಬಿಣ, ಕಾಂಕ್ರೀಟ್, ವಾಟರ್‌ಪ್ರೂಫಿಂಗ್, ಟೈಲ್ಸ್, ಫಿಲ್ಟರ್, ಮುಕ್ಕಾಲು ಎಚ್‌ಪಿ ಪಂಪ್ ಎಲ್ಲಾ ಸೇರಿ 7,40,000 ಬಿತ್ತು. ಇಳಿದು ನಿಂತ್ರ ಸುಖ ಅಂದ್ರ ಸುಖ, ಅದರಾಗ ಎರಡು ಮಾತಿಲ್ಲ, ಮುಂಜಾನಿ ನೀರು ತಣ್ಣಗಿರ್ತೈತಿ, ಮೆಟ್ಟಿಲು ಇರೋದ್ರಿಂದ ನಮ್ಮ ಅವ್ವ ಮಂಡಿ ನೋವಿಗೆ ಅಂತ ಇಳಿದು ನಡದಾಡ್ತಿದ್ಲು, ಆಕಿಗೆ ಅಷ್ಟು ಆರಾಮ ಯಾವ ಎಣ್ಣಿಯಿಂದನೂ ಸಿಕ್ಕಿದ್ದಿಲ್ಲ. 2023ರ ಬ್ಯಾಸಿಗಿ ಪೂರ್ತಿ ಹಂಗೇ ಹೋತು.

ಆದ್ರ ನಮ್ದು ಎರಿ ಮಣ್ಣು, ಅಂದ್ರ ಕಪ್ಪು ಮಣ್ಣು. ಮಳಿಗೆ ಉಬ್ತೈತಿ, ಬಿಸಿಲಿಗೆ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡ್ತೈತಿ, ಅದರೊಳಗ ಕಾಂಕ್ರೀಟ್ ಪೆಟ್ಟಿಗಿ ಹೂಳೋದಂದ್ರ ಸುತ್ತಲೂ ತಳದಾಗೂ ಎರಿ ತಗದು ಗರಸು ತುಂಬಿ ದಮ್ಮಸ್ ಮಾಡ್ಲೇಬೇಕು. ಇಂಜಿನಿಯರ್ ಮೂರು ಫೂಟ್ ಅಂತ ಬರದು ಕೊಟ್ಟಿದ್ರು, ಕೆಲಸ ಹಿಡದ ಗುತ್ತಿಗೆದಾರ ಮೂರು ಕಡಿ ಹಾಕಿ ಬೇವಿನ ಗಿಡದ ಕಡಿ ಒಂದೇ ಫೂಟ್ ಹಾಕಿ ಮುಚ್ಚಿಬಿಟ್ಟ, ನಮಗ ಗೊತ್ತಾಗಲಿಲ್ಲ. ಆ ವರ್ಷ ಮಳಿ ಕೈ ಕೊಡ್ತು, ರಾಜ್ಯದ 223 ತಾಲ್ಲೂಕು ಬರ ಅಂತ ಘೋಷಣೆ ಆತು, 2024ರ ಬ್ಯಾಸಿಗ್ಯಾಗ ಓಣಿ ಮಂದಿ ಕೊಡ ಹಿಡ್ಕೊಂಡು ನಿಂತಾಗ ನಾವು ಪೂಲ್ ತುಂಬ್ಸಾಕ ಮನಸ್ಸಾಗಲಿಲ್ಲ, ತುಂಬ್ಸಬಾರ್ದಿತ್ತು ಕೂಡ. ಖಾಲಿ ಬಿಟ್ವಿ. ಮಣ್ಣು ಒಣಗಿ ಆ ಕಡಿ ಮೂಲಿ ಕುಂತಿತು, ಆಮ್ಯಾಲ ಮಳಿ ಚಲೋ ಆಗಿ ಎರಿ ಉಬ್ಬಿ ಖಾಲಿ ಗೋಡಿನ ಒಳಗ ನೂಕಿತು, ಮೆಟ್ಟಿಲು ಕೂಡೋ ಜಾಗದಾಗ ಕೂದಲಿನಂಥ ಒಂದು ಬಿರುಕು.

2025ರ ಮಾರ್ಚಿನಾಗ ತುಂಬಿಸಿದ್ರ ದಿನಾ ನೀರು ಇಳೀತೈತಿ. ಆವಿ ಆಗ್ತೈತೋ ಸೋರ್ತೈತೋ ತಿಳಿಯಾಕ ಒಂದು ಸುಲಭದ ದಾರಿ ಐತಿ, ಎಲ್ಲಾರೂ ಮಾಡ್ರಿ. ಒಂದು ಬಕೆಟ್ಟಿಗೆ ಪೂಲಿನ ನೀರೇ ತುಂಬಿ ಮೆಟ್ಟಿಲ ಮ್ಯಾಲ ಇಡ್ರಿ, ಒಳಗಿನ ನೀರು ಹೊರಗಿನ ನೀರು ಒಂದೇ ಮಟ್ಟ ಇರ್ಬೇಕು, ಎರಡಕ್ಕೂ ಗುರುತು ಹಾಕಿ ಪಂಪ್ ಬಂದ್ ಮಾಡಿ 24 ತಾಸು ಬಿಡ್ರಿ. ನಮ್ದು ಬಕೆಟ್ಟಿನಾಗ 9 ಮಿಲಿಮೀಟರ್ ಇಳಿದಿತ್ತು, ಪೂಲಿನಾಗ 38. ಆ 29ರ ವ್ಯತ್ಯಾಸ ಅಂದ್ರ ದಿನಕ್ಕ 540 ಲೀಟರ್ ಮಣ್ಣಿಗೆ ಹೋಗ್ತಿತ್ತು. ಬಿರುಕು ಕೊರದು ತುಂಬಿ ಟೈಲ್ಸ್ ಮತ್ತ ಹಚ್ಚಾಕ 85,000. ಸೋರಿಕಿ ನಿಂತ್ಮ್ಯಾಲೂ ಆ 9 ಮಿಲಿಮೀಟರ್ ಹೋಗೇ ಹೋಗ್ತೈತಿ, ಅದೇ ತಿಂಗಳಿಗೆ 5,000 ಲೀಟರ್, ಪೂರಾ ಒಂದು ಟ್ಯಾಂಕರ್ ಬರೇ ಬಿಸಿಲಿಗೆ. ಫ್ರೇಮ್ ಪೂಲಿನಾಗ ದಿನಕ್ಕ 65 ಲೀಟರ್, ನೆರಳಿದ್ರ ಇನ್ನೂ ಕಮ್ಮಿ.

ಕರೆಂಟಿಂದು ಯಾರೂ ಮೊದ್ಲೇ ಹೇಳಲ್ಲ. ಮುಕ್ಕಾಲು ಎಚ್‌ಪಿ ಪಂಪ್ ದಿನಾ ಆರು ತಾಸು ಓಡಿದ್ರ ನಾಲ್ಕು ಯೂನಿಟ್, ತಿಂಗಳಿಗೆ 120. ಅಣ್ಣನ ಮನಿ ಗೃಹ ಜ್ಯೋತಿಯಾಗಿತ್ತು, ಮೊದ್ಲು 140 ಯೂನಿಟ್ ಆಸುಪಾಸು ಬರ್ತಿತ್ತು, ಪೂಲ್ ಪಂಪ್ ಸೇರಿ 200 ದಾಟಿತು, 200 ದಾಟಿದ್ರ ಮ್ಯಾಲಿನಷ್ಟಕ್ಕ ಮಾತ್ರ ಅಲ್ಲ, ಇಡೀ ಬಿಲ್ ಕಟ್ಬೇಕು. ಪೂಲಿನ ಖರ್ಚು ಬರ್ಕೊಳ್ಳುವಾಗ ಇದನ್ನೂ ಬರ್ಕೊಳ್ರಿ.

ನೀರು ಶುದ್ಧ ಇಡೋದ್ರಾಗ ಫ್ರೇಮಿಗೂ ಆರ್‌ಸಿಸಿಗೂ ಭಾಳ ವ್ಯತ್ಯಾಸ. 4,500 ಲೀಟರಿಗೆ ಸಂಜಿ 30 ಗ್ರಾಂ ಹೊಸ ಬ್ಲೀಚಿಂಗ್ ಪೌಡರ್ ಬಕೆಟ್ಟಿನಾಗ ಕಲಸಿ, ತಿಳಿ ಮಾತ್ರ ಹಾಕಿದ್ರ 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಕ್ಲೋರಿನ್ ಆಗ್ತೈತಿ, ಹಗಲು ಹಾಕಿದ್ರ ಬಿಸಿಲು ತಿಂದು ಹಾಕ್ತೈತಿ. ನಮ್ಮ ಬೋರಿನ ನೀರು ಗಡಸು, ಬ್ಲೀಚಿಂಗ್ ಪೌಡರ್ ಅದಕ್ಕ ಇನ್ನಷ್ಟು ಸುಣ್ಣದಂಶ ಸೇರಿಸ್ತೈತಿ. ಫ್ರೇಮಿನಾಗ ಅದು ಚಿಂತಿಲ್ಲ, ಮೂರು ವಾರಕ್ಕ ಕ್ಲೋರಿನ್ ನಿಲ್ಲಿಸಿ ನಾಲ್ಕು ದಿನ ಬಿಸಿಲಿಗೆ ಬಿಟ್ಟು ತೆಂಗು, ಕರಿಬೇವಿಗೆ ಬಿಡ್ತೀವಿ, ಹೊಸ ನೀರು ಹಾಕ್ತೀವಿ. 22,600 ಲೀಟರ್ ಹಂಗ ಚೆಲ್ಲಾಕ ಆಗಲ್ಲ, ಹಂಗಾಗಿ ಟೈಲ್ಸ್ ಮ್ಯಾಲ ಬಿಳೀ ಪಟ್ಟಿ, ಪಿಎಚ್ (ನೀರಿನ ಹುಳಿ-ಕ್ಷಾರದ ಅಳತಿ) ನೋಡೋದು, 7.2 ರಿಂದ 7.8 ಒಳಗ ಇಡಾಕ ಆ್ಯಸಿಡ್. ಆ್ಯಸಿಡ್ಡೂ ಬ್ಲೀಚಿಂಗೂ ಒಂದೇ ಬಕೆಟ್ಟಿನಾಗ ಯಾವತ್ತೂ ಹಾಕಬ್ಯಾಡ್ರಿ, ವಿಷದ ಗಾಳಿ ಏಳ್ತೈತಿ, ಜೀವ ಹೋಗ್ತೈತಿ. ಇನ್ನೊಂದು, ಮುಚ್ಚಿದ ತಾಡಪತ್ರಿ ಮ್ಯಾಲ ನಿಂತ ಮಳಿ ನೀರಾಗೇ ಡೆಂಗಿ ಸೊಳ್ಳಿ ಮರಿ ಆಗ್ತಾವ, ವಾರಕ್ಕೊಮ್ಮೆ ಅದನ್ನ ಚೆಲ್ರಿ.

ಅಣ್ಣಗ ಈಗ ಏನನಿಸ್ತೈತಿ ಅಂತ ಕೇಳಿದ್ರ, ಅವ್ವ ಇಳೀತಾಳ ಅನ್ನೋ ಒಂದು ಕಾರಣಕ್ಕ ಪೂಲ್ ಬೇಕೇ ಬೇಕು ಅಂತಾನ, ನಾನೂ ಒಪ್ತೀನಿ. ಆದ್ರ ಅದೇ 7,40,000 ಕೈಯಾಗ ಇದ್ದಾಗ ಅವನ ಮಾಳಿಗಿ ಸೋರ್ತಿತ್ತು, ಸಂಪು ಬರೇ 3,000 ಲೀಟರಿಂದು. ಎರಡೂ ಕೆಲಸ ಆಮ್ಯಾಲ ಸಾಲ ಮಾಡಿ ಮಾಡ್ಸಬೇಕಾತು. ಮಾಳಿಗಿಗೆ ಬಿಳೀ ಕೂಲ್ ಪೇಂಟ್ ಹೊಡದ ಮ್ಯಾಲ ಮಲಗೋ ಕೋಣಿ ತಂಪಾಗಿದ್ದು ನೋಡಿ, ಇದನ್ನ ಮೊದ್ಲು ಮಾಡ್ಸಿದ್ರ ಹುಡುಗ್ರು ಇಷ್ಟು ಪೂಲ್ ಪೂಲ್ ಅಂತಿದ್ದಿಲ್ಲ ಅಂತ ಅತ್ತಿಗಿ ಅಂದ್ಲು, ಆ ಮಾತು ಖರೇ ಐತಿ. ಎರಿ ಮಣ್ಣು ಇದ್ದು, ಮಳಿ ಇಲ್ಲದ ವರ್ಷನೂ ಪೂಲ್ ಖಾಲಿ ಬಿಡದಷ್ಟು ಸ್ವಂತ ನೀರು ಇಲ್ಲದವ್ರು ಆರ್‌ಸಿಸಿಗೆ ಕೈ ಹಾಕಬ್ಯಾಡ್ರಿ. ಮಸಾರಿ (ಕೆಂಪು ಮಣ್ಣಿನ) ನೆಲ, ಗಟ್ಟಿ ಗರಸಿನ ನೆಲ ಇದ್ದವ್ರ ಮಾತು ಬ್ಯಾರೆ.

ನಾನು ಈ ವರ್ಷ ಬೇವಿನ ಬುಡದಾಗ ಮತ್ತ ಫ್ರೇಮ್ ಪೂಲೇ ಇಟ್ಟೀನಿ, ಈ ಸಲ ಸ್ವಲ್ಪ ದೊಡ್ಡದು, ಮ್ಯಾಲ ಹಸಿರು ನೆರಳು ಬಲೆ, ಸುತ್ತ ಐದು ಫೂಟ್ ಜಾಳಗಿ, ಬಾಗ್ಲಿಗೆ ಚಿಲಕ ಮ್ಯಾಲ. ದೊಡ್ಡವ್ರು ಎದ್ದು ಬಂದ್ರ ಏಣಿ ಎತ್ತಿ ಗೋಡಿಗೆ ಹಚ್ಚಿ ಬರ್ತೀವಿ. ಶೀಟಿನ ತೊಟ್ಟಿಗೆ ಶಾಬಾದ್ ಕಲ್ಲು ಮುಚ್ಚಿ ಮಾಳಿಗಿ ಪೈಪ್ ಇಳಿಸೀವಿ, ಹೋದ ಜೂನಿನಾಗ ಎರಡು ದೊಡ್ಡ ಮಳಿಗೆ ಪೂರ್ತಿ ತುಂಬಿತು, ಅದೇ ನೀರು ಸೋಸಿ ಫ್ರೇಮಿಗೆ ಬಿಡ್ತೀವಿ.