ಎರಡು ನ್ಯಾನೋ ವಿಎನ್‌ಎ, ಒಂದು ಆಂಟೆನಾ, 5 ಮೀಟರ್ ಕೇಬಲ್

ನನ್ನ ಹತ್ತಿರ ಎರಡು ನ್ಯಾನೋ ವಿಎನ್‌ಎ ಇವೆ, ಅಂದ್ರೆ ಆಂಟೆನಾ, ಕೇಬಲ್‌ಗೆ ಸಿಗ್ನಲ್ ಕಳಿಸಿ ಏನು ವಾಪಸ್ ಬರುತ್ತದೆ ಅಂತ ಅಳೆಯುವ ಸಣ್ಣ ಡಬ್ಬಿಗಳು. ಒಂದು ಹಳೇ ‘ಎಚ್’, 2.8 ಇಂಚಿನ ಪರದೆಯದು, 900 ಮೆಗಾಹರ್ಟ್ಸ್‌ವರೆಗೆ ನೋಡುತ್ತದೆ. ಇನ್ನೊಂದು ‘ವಿ2’, 3 ಗಿಗಾಹರ್ಟ್ಸ್‌ವರೆಗೆ ಹೋಗುತ್ತದೆ. ಎಚ್ ಸುಳ್ಳು ಹೇಳುತ್ತಿದೆ ಅಂತ ಸಿಟ್ಟಿಗೆದ್ದು ವಿ2 ತರಿಸಿದೆ. ತಪ್ಪು ಯಾರದು ಅಂತ ತಿಳಿಯುವಷ್ಟರಲ್ಲಿ ದುಡ್ಡು ಹೋಗಿತ್ತು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೆಲಸ ಇಷ್ಟೇ. ಚಿತ್ತಾಪುರದ ಕಡೆ ನಮ್ಮ ಕಾಕಾನ ತೊಗರಿ ಹೊಲ ಇದೆ. ಬಾವಿಯಲ್ಲಿ ನೀರು ಎಷ್ಟಿದೆ ಅಂತ ಲೋರಾ (ಸಣ್ಣ ಡೇಟಾವನ್ನು ದೂರಕ್ಕೆ ಕಳಿಸುವ ರೇಡಿಯೋ) ಮೇಲೆ ಕಳಿಸುವ ಪೆಟ್ಟಿಗೆ ಮಾಡಿಕೊಟ್ಟಿದ್ದೆ. 865–868 ಮೆಗಾಹರ್ಟ್ಸ್‌ಗೆ ನಮ್ಮಲ್ಲಿ ಲೈಸೆನ್ಸ್ ಬೇಡ, ಹಾಗಾಗಿ 866ಕ್ಕೆ ಆಂಟೆನಾ. ಕಲಬುರಗಿಯ ಒಂದು ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಸಿಕ್ಕ ದಪ್ಪ ತಾಮ್ರದ ತಂತಿ, ಮೇಲಿನ ವಾರ್ನಿಷ್ ಬ್ಲೇಡಿನಿಂದ ಕೆರೆದು, ಎಸ್‌ಎಂಎ ಅನ್ನುವ ಸಣ್ಣ ಕನೆಕ್ಟರ್ ಮೇಲೆ ಒಂದು ಕಡ್ಡಿ ನಿಲ್ಲಿಸಿ ಕೆಳಗೆ ನಾಲ್ಕು ಕಡ್ಡಿ ಬೆಸುಗೆ ಹಾಕಿದೆ. ಲೆಕ್ಕದ ಪ್ರಕಾರ ಕಾಲು ತರಂಗದ ಕಡ್ಡಿ ಸುಮಾರು 8.2 ಸೆಂ.ಮೀ.

ಎಚ್ ಅನ್ನು ಅದರ ಪೋರ್ಟಿನಲ್ಲೇ ಕ್ಯಾಲಿಬ್ರೇಟ್ ಮಾಡಿ (ಗೊತ್ತಿರುವ ತುಂಡುಗಳನ್ನು ಹಾಕಿ ಅಳತೆ ಸರಿ ಕೂಡಿಸಿ), 5 ಮೀಟರ್ ಆರ್‌ಜಿ-58 ಕೇಬಲ್ ಸಿಕ್ಕಿಸಿ, ಮಾಳಿಗೆ ಮೇಲೆ ಆಂಟೆನಾ ನಿಲ್ಲಿಸಿ ನೋಡಿದೆ. ಎಸ್‌ಡಬ್ಲ್ಯುಆರ್ 1.6 ಬಂತು. ಆಂಟೆನಾ ಎಷ್ಟು ಸಿಗ್ನಲ್ ವಾಪಸ್ ತಳ್ಳುತ್ತದೆ ಅನ್ನುವ ಅಂಕಿ ಇದು, 1 ಇದ್ದರೆ ಏನೂ ವಾಪಸ್ ಬರುವುದಿಲ್ಲ. ಪರವಾಗಿಲ್ಲ ಅಲ್ವಾ? ಆದರೆ ಕಡ್ಡಿ ಕತ್ತರಿಸಿದರೂ ಪರದೆ ಮೇಲಿನ ಗೆರೆ (ಟ್ರೇಸ್) ಹೆಚ್ಚು ಅಲ್ಲಾಡಲಿಲ್ಲ, ಹೊಲದಲ್ಲಿ ಡೇಟಾ ಬಿಟ್ಟು ಬಿಟ್ಟು ಬರುತ್ತಿತ್ತು. ವಿ2 ಬಂದ ಮೇಲೆ ಅದೇ ಕೇಬಲ್‌ನಲ್ಲಿ ಅಳೆದೆ. ಅದೂ 1.6 ಅಂತಲೇ ಹೇಳಿತು!

ಆಮೇಲೆ ಸುಮ್ನೆ ಆಂಟೆನಾ ಬಿಚ್ಚಿ ಕೇಬಲ್ ತುದಿ ಖಾಲಿ ಬಿಟ್ಟೆ. ಖಾಲಿ ತುದಿಯಿಂದ ಎಲ್ಲಾ ವಾಪಸ್ ಬರಬೇಕು, ಎಸ್‌ಡಬ್ಲ್ಯುಆರ್ ಎಲ್ಲೋ ಆಕಾಶದಲ್ಲಿ ಇರಬೇಕು. ತೋರಿಸಿದ್ದು 3. ಆಗ ಟ್ಯೂಬ್‌ಲೈಟ್ ಹತ್ತಿತು. ಆ ಕೇಬಲ್ 866ರಲ್ಲಿ ಹೋಗುವಾಗ ಸುಮಾರು 3 ಡಿಬಿ, ಅಂದ್ರೆ ಅರ್ಧ ಶಕ್ತಿ, ತಿನ್ನುತ್ತದೆ, ಬರುವಾಗ ಇನ್ನೊಂದು 3. ಅಂದ್ರೆ ತುದಿಯಲ್ಲಿ ಏನೇ ಇಟ್ಟರೂ ರಿಟರ್ನ್ ಲಾಸ್‌ಗೆ (ವಾಪಸ್ ಬಂದದ್ದು ಕಳಿಸಿದ್ದಕ್ಕಿಂತ ಎಷ್ಟು ಕಮ್ಮಿ ಅನ್ನುವ ಲೆಕ್ಕ, ಹೆಚ್ಚಿದ್ದಷ್ಟೂ ಒಳ್ಳೆಯದು) 6 ಡಿಬಿ ಪುಕ್ಕಟೆ ಸೇರುತ್ತದೆ. ನಿಜವಾಗಿ ಎಸ್‌ಡಬ್ಲ್ಯುಆರ್ 3 ಇರುವ ಕೆಟ್ಟ ಆಂಟೆನಾ ಈ ಕೇಬಲ್ ಮೂಲಕ 1.67ರ ಸಭ್ಯ ಆಂಟೆನಾ ಆಗಿ ಕಾಣುತ್ತದೆ. ನನ್ನದು ಅದೇ ಆಗಿತ್ತು. ಕನೆಕ್ಟರ್ ಪಿನ್ನಿನ ಉದ್ದ ಲೆಕ್ಕಕ್ಕೆ ಹಿಡಿಯದೆ ಕಡ್ಡಿ ಉದ್ದ ಬಿಟ್ಟಿದ್ದೆ.

ಹಾಗಾಗಿ ಯಾವ ಡಬ್ಬಿ ಅನ್ನುವುದಕ್ಕಿಂತ ಎಲ್ಲಿ ಕ್ಯಾಲಿಬ್ರೇಟ್ ಮಾಡುತ್ತೀರಿ ಅನ್ನುವುದನ್ನು ಮೊದಲು ಹೋಲಿಸಬೇಕು. ನಾನು ಮೂರು ದಾರಿ ನೋಡಿದೆ. ಪೋರ್ಟಿನಲ್ಲೇ ಮಾಡುವುದು ಸಲೀಸು, ಆದರೆ ಆಂಟೆನಾವನ್ನು ನೇರ ಡಬ್ಬಿಗೇ ತಿರುಗಿಸಿ ಕೂಡಿಸುವವರಿಗೆ ಮಾತ್ರ ಸರಿ. ಎರಡನೆಯದು ಪೋರ್ಟಿನಲ್ಲಿ ಮಾಡಿ, ಆಮೇಲೆ ಮೆನುವಿನಲ್ಲಿ ಎಲೆಕ್ಟ್ರಿಕಲ್ ಡಿಲೇ (ಕೇಬಲ್ ದಾಟಲು ಸಿಗ್ನಲ್‌ಗೆ ಹಿಡಿಯುವ ಸಮಯ) ಹಾಕುವುದು. ಇದು ಫೇಸ್ (ಅಲೆ ಎಷ್ಟು ಡಿಗ್ರಿ ಹಿಂದೆ ಬಿದ್ದಿದೆ ಅನ್ನುವುದು) ಸರಿ ಮಾಡುತ್ತದೆ, ಕೇಬಲ್ ನುಂಗಿದ್ದನ್ನು ವಾಪಸ್ ಕೊಡುವುದಿಲ್ಲ. ಒಂದು ಅಡಾಪ್ಟರ್‌ಗೆ ಸಾಕು, 5 ಮೀಟರ್‌ಗೆ ಸಾಲದು. ಮೂರನೆಯದು ಕ್ಯಾಲಿಬ್ರೇಟ್ ಮಾಡುವ ಕಿಟ್‌ನ ಓಪನ್ (ಖಾಲಿ ತುದಿ), ಶಾರ್ಟ್ (ಒಳಗೇ ಕೂಡಿಸಿದ ತುದಿ), ಲೋಡ್ (50 ಓಮ್ ರೆಸಿಸ್ಟರ್) ಮೂರನ್ನೂ ಕೇಬಲ್ ತುದಿಗೇ ಒಯ್ದು ಹಾಕುವುದು. ಬೇಜಾರಿನ ಕೆಲಸ, ಕೈಯಲ್ಲಿ ಡಬ್ಬಿ, ಬಾಯಲ್ಲಿ ಲೋಡ್, ಆದರೆ ನನ್ನ ವೋಟು ಇದಕ್ಕೇ.

ಅಲ್ಲೂ ಒಂದು ಕೊಕ್ಕೆ ಇದೆ. ಕಿಟ್ ಕೂಡಲಿ ಅಂತ ಮಧ್ಯೆ ಅಡಾಪ್ಟರ್ ಹಾಕಿ, ಅಳೆಯುವಾಗ ಅದನ್ನು ತೆಗೆದರೆ ಲೆಕ್ಕ ತಪ್ಪುತ್ತದೆ. 1 ಸೆಂ.ಮೀ. ವ್ಯತ್ಯಾಸ ಹ್ಯಾಮ್ ರೇಡಿಯೋದವರ 145 ಮೆಗಾಹರ್ಟ್ಸ್‌ನಲ್ಲಿ ಫೇಸ್‌ಗೆ ಸುಮಾರು 5 ಡಿಗ್ರಿ, ಯಾರೂ ಕೇಳುವುದಿಲ್ಲ. 866ರಲ್ಲಿ ಅದೇ 30 ಡಿಗ್ರಿ. ಎಸ್‌ಡಬ್ಲ್ಯುಆರ್ ಅಷ್ಟೇ ಬೇಕಾದರೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ ಸ್ಮಿತ್ ಚಾರ್ಟ್ (ಇಂಪೀಡೆನ್ಸ್ ತೋರಿಸುವ ದುಂಡು ನಕ್ಷೆ) ನೋಡಿ ಕಾಯಿಲ್, ಕೆಪಾಸಿಟರ್ ಲೆಕ್ಕ ಹಾಕುವವರು ತಪ್ಪು ಪಾರ್ಟ್ ತರುತ್ತೀರಿ, ನಾನು ತಂದಿದ್ದೇನೆ.

ಈಗ ಡಬ್ಬಿಗಳ ಜಗಳ. ಎರಡನ್ನೂ ಕೇಬಲ್ ತುದಿಯಲ್ಲಿ ಕ್ಯಾಲಿಬ್ರೇಟ್ ಮಾಡಿ 145ರ ಆಂಟೆನಾ ನೋಡಿದರೆ ಎರಡೂ ಒಂದೇ ಮಾತು ಹೇಳುತ್ತವೆ. 866ರಲ್ಲಿ ಎಚ್‌ನ ಟ್ರೇಸ್‌ಗೆ ಕೂದಲು ಬೆಳೆದ ಹಾಗೆ ಕಾಣುತ್ತದೆ. ಕಾರಣ ಇದೆ. ಅದರೊಳಗಿನ ಎಸ್‌ಐ5351 ಚಿಪ್ 300 ಮೆಗಾಹರ್ಟ್ಸ್‌ವರೆಗೆ ಮಾತ್ರ ನೇರ ಸಿಗ್ನಲ್ ಕೊಡುತ್ತದೆ, ಅದರ ಮೇಲೆ 900ರವರೆಗೆ ಮೂರನೇ ಹಾರ್ಮೋನಿಕ್ (ಸಿಗ್ನಲ್‌ನಲ್ಲೇ ಇರುವ, ಮೂಲದ ಮೂರು ಪಟ್ಟು ಫ್ರೀಕ್ವೆನ್ಸಿಯ ಭಾಗ) ಬಳಸುತ್ತದೆ. ಚೌಕ ಅಲೆಯಲ್ಲಿ ಮೂರನೇ ಹಾರ್ಮೋನಿಕ್ ಮೂಲಕ್ಕಿಂತ ಸುಮಾರು 9.5 ಡಿಬಿ ಕೆಳಗೆ. ವಿ2ನಲ್ಲಿ ಮೇಲಿನ ಬ್ಯಾಂಡಿಗೆ ಎಡಿಎಫ್4350 ಅನ್ನುವ ಬೇರೆ ಚಿಪ್ ಇದೆ, ಹಾಗಾಗಿ ಗೆರೆ ನೀಟಾಗಿ ಬರುತ್ತದೆ.

ಆದರೆ ಕೂದಲಿದ್ದರೂ ಎಚ್‌ನಲ್ಲಿ ಆಂಟೆನಾ ಕೆಲಸ ನಡೆಯುತ್ತದೆ, 1.2ಕ್ಕೂ 1.25ಕ್ಕೂ ಹೊಲದಲ್ಲಿ ಏನು ವ್ಯತ್ಯಾಸ? ಫಿಲ್ಟರ್ (ಬೇಡದ ಫ್ರೀಕ್ವೆನ್ಸಿ ತಡೆಯುವ ಸರ್ಕ್ಯೂಟ್) ಅಳೆಯುವಾಗ ಮಾತ್ರ ಎಚ್ ಸೋತಿತು. 600–900ರಲ್ಲಿ ಅದು 40 ಡಿಬಿ ಆಸುಪಾಸಿಗೆ ನೆಲ ಮುಟ್ಟುತ್ತದೆ, ಅದಕ್ಕಿಂತ ಆಳ ಇರುವ ಫಿಲ್ಟರ್‌ನ ತಳ ಅದಕ್ಕೆ ಕಾಣುವುದೇ ಇಲ್ಲ. ವಿ2 ಅಲ್ಲಿ 60 ದಾಟಿ ಇಳಿಯಿತು. ಆಂಪ್ಲಿಫೈಯರ್ ಇದ್ದರಂತೂ 300ರ ಮೇಲೆ ಎಚ್ ಬೇಡ, ನೀವು ನೋಡದೇ ಇರುವ ಮೂಲ ಸಿಗ್ನಲ್ ಜೋರಾಗಿದ್ದು ಆಂಪ್ಲಿಫೈಯರ್‌ನ ಹೊಟ್ಟೆ ತುಂಬಿಸಿಬಿಡುತ್ತದೆ.

ಮಜಾ ಬಂದದ್ದು ಇಲ್ಲಿಂದ. ಗೆಳೆಯನೊಬ್ಬ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಾನೆ, ಅವನ ಲ್ಯಾಬಿನಲ್ಲಿ ಟೇಬಲ್ ತುಂಬುವ ದೊಡ್ಡ ವಿಎನ್‌ಎ ಇದೆ. ಸರಿ ಮಾಡಿದ ಆಂಟೆನಾ ಒಯ್ದೆ. ನನ್ನ ಎರಡೂ ಡಬ್ಬಿ ಅಲ್ಲೇ, ಅದೇ ಜಾಗದಲ್ಲಿ ರಿಟರ್ನ್ ಲಾಸ್ 22 ಅಂದವು. ದೊಡ್ಡದು 19 ಅಂದಿತು. ಇಬ್ಬರು ಒಂದೇ ಸಾಕ್ಷಿ ಹೇಳಿದರೆ ನಂಬುತ್ತೇವೆ, ಆದರೆ ಇಬ್ಬರಿಗೂ ಹೇಳಿಕೊಟ್ಟವನು ಒಬ್ಬನೇ: ಕಿಟ್‌ನಲ್ಲಿ ಬಂದಿದ್ದ ಆ ಲೋಡ್. ಮಲ್ಟಿಮೀಟರ್‌ನಲ್ಲಿ ಅದು ಸರಿಯಾಗಿ 50 ಓಮ್. ಗೆಳೆಯ ಅದನ್ನು ದೊಡ್ಡ ಮಷಿನ್‌ಗೆ ಹಾಕಿದ. 866ರಲ್ಲಿ ಅದರ ರಿಟರ್ನ್ ಲಾಸ್ 30 ಡಿಬಿ ಅಷ್ಟೇ. ಅಂಥ ಲೋಡ್ ಇಟ್ಟುಕೊಂಡು ನಿಜವಾದ 20 ಡಿಬಿ ಅಳೆದರೆ ಉತ್ತರ 17.6ರಿಂದ 23.3ರವರೆಗೆ ಎಲ್ಲಾದರೂ ಬರಬಹುದು. ಅವನ ಹಳೇ ಒಳ್ಳೆಯ ಲೋಡ್ ಕೇಳಿ ತಂದು ಮತ್ತೆ ಕ್ಯಾಲಿಬ್ರೇಟ್ ಮಾಡಿದೆ. ಎಚ್ ಕೂಡ 19ರ ಹತ್ತಿರ ಬಂತು. 3 ಗಿಗಾಹರ್ಟ್ಸ್‌ನ ಡಬ್ಬಿ ಮಾಡದ ಕೆಲಸ ಬೆರಳ ತುದಿಯಷ್ಟಿನ ಹಿತ್ತಾಳೆ ತುಂಡು ಮಾಡಿತು.

ಇನ್ನೊಂದು ಮಾತು ನಮ್ಮ ಕಡೆಯವರಿಗೆ. ಕೂಲರ್ ಮುಂದೆ ಕ್ಯಾಲಿಬ್ರೇಟ್ ಮಾಡಿ ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿಯಲ್ಲಿ ಮಾಳಿಗೆ ಹತ್ತಬೇಡಿ. ಲೋಡ್ ವಾಪಸ್ ಹಾಕಿ ನೋಡಿದರೆ ಗೆರೆ ಜಾಗ ಬಿಟ್ಟಿರುತ್ತದೆ. ಬಿಸಿಲಿಗೆ ಪರದೆ ಕಾಣುವುದೂ ಇಲ್ಲ. ಅಲ್ಲೇ ಒಯ್ದು, ಆನ್ ಮಾಡಿ 10–15 ನಿಮಿಷ ಬಿಟ್ಟು ಮಾಡಿ. ರೇಂಜ್ ಕೂಡ ಮೊದಲೇ ಕಿರಿದು ಮಾಡಿಕೊಳ್ಳಿ. ಎಚ್‌ನಲ್ಲಿ 101 ಬಿಂದು, 900 ಮೆಗಾಹರ್ಟ್ಸ್ ಪೂರ್ತಿ ಹರಡಿದರೆ ಬಿಂದುವಿನಿಂದ ಬಿಂದುವಿಗೆ 9 ಮೆಗಾಹರ್ಟ್ಸ್ ಗ್ಯಾಪ್.

ಹೊಲದಲ್ಲಿ ಕೊನೇ ಸಲ ಅಳೆಯುವಾಗ ಕಾಕಾ ಪಕ್ಕ ಬಂದು ಬಗ್ಗಿ ನೋಡಿದರು.

‘ಏನೋ ಇದು, ಬಿಪಿ ನೋಡೋ ಮಷಿನ್ ಇದ್ದಂಗ ಅದಲ್ಲ?’

ಅವರು ಹತ್ತಿರ ಬಂದಷ್ಟೂ ಟ್ರೇಸ್‌ನ ತಗ್ಗು ಎಡಕ್ಕೆ ಸರಿಯಿತು.

‘ಕಾಕಾ, ಒಂದೆರಡು ಹೆಜ್ಜಿ ಹಿಂದ ಹೋಗ್ರಿ.’

ಹೋದರು. ತಗ್ಗು ವಾಪಸ್ 866ಕ್ಕೆ ಬಂದು ನಿಂತಿತು. ಕಾಕಾ ಮತ್ತೆ ಮುಂದೆ ಬಂದರು, ಹಿಂದೆ ಹೋದರು, ಮೂರು ಸಲ. ಕೇಬಲ್ ಮುಟ್ಟಿದರೂ ಹೀಗೇ ಆಗುತ್ತದೆ, ಆಂಟೆನಾ ಬುಡದಲ್ಲಿ ಒಂದು ಫೆರೈಟ್ (ಕೇಬಲ್ ಸುತ್ತ ಕೂಡುವ ಕಪ್ಪು ಮಣಿ) ಹಾಕಿದರೆ ಕಡಿಮೆಯಾಗುತ್ತದೆ.

ಈಗ ಲೋರಾ ಪೆಟ್ಟಿಗೆಯನ್ನೇ ಕಂಬದ ಮೇಲೆ ಏರಿಸಿ ಆಂಟೆನಾ ನೇರ ಕೂಡಿಸಿದ್ದೇನೆ, ಎಸ್‌ಡಬ್ಲ್ಯುಆರ್ 1.25, ಡೇಟಾ ತಪ್ಪಿಲ್ಲ. ವಿ2 ಟೇಬಲ್ ಮೇಲೆ ಫಿಲ್ಟರ್‌ಗಳಿಗಾಗಿ ಕೂತಿದೆ. ಹೊಲಕ್ಕೆ ಎಚ್ ಸಾಕು, ಬಿದ್ದರೂ ಹೊಟ್ಟೆ ಉರಿಯುವುದಿಲ್ಲ. ಗೆಳೆಯನ ಲೋಡ್ ಇನ್ನೂ ವಾಪಸ್ ಕೊಟ್ಟಿಲ್ಲ. ಆ 5 ಮೀಟರ್ ಕೇಬಲ್ ಮೇಲೆ ಅವ್ವ ಬಟ್ಟೆ ಒಣಗಿಸುತ್ತಾಳೆ.