ದರೋಜಿ ಬಂಡೆಗೂ ತುಂಗಭದ್ರೆ ದಡಕ್ಕೂ ಹಳೇ ನಿಕಾನ್ 200-500: ತಗೊಳ್ಳಬಹುದಾ?

ನಿಕಾನ್ 200-500 ಎಂಎಂ ಎಫ್ 5.6 ಲೆನ್ಸ್ ಬಂದದ್ದು 2015ರಲ್ಲಿ. ಮಿರರ್‌ಲೆಸ್‌ಗೆ (ಕನ್ನಡಿಯಿಲ್ಲದ ಹೊಸ ಬಗೆಯ ಕ್ಯಾಮೆರಾ) ಹೋದವರು ಇದನ್ನು ಮಾರುತ್ತಿರುವುದರಿಂದ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತದೆ. ಗಂಗಾವತಿ, ಕಂಪ್ಲಿ, ಬಳ್ಳಾರಿ ಕಡೆ ನಿಕಾನ್ ಡಿ500, ಡಿ7200, ಡಿ7500 ಕ್ಯಾಮೆರಾ ಬಾಡಿ ಇಟ್ಟುಕೊಂಡವರಿಗೆ ನೇರ ಉತ್ತರ: ತಗೊಳ್ಳಿ. ಆದರೆ ಈ ಸೀಮೆಯ ಬಿಸಿಲು, ದೂಳು, ಬಂಡೆ ಇದರ ಮೇಲೆ ಏನು ಮಾಡುತ್ತವೆ ಅಂತ ತಿಳಿದು ತಗೊಳ್ಳಿ.

ಮೊದಲು ದರೋಜಿ ಕರಡಿಧಾಮದ ಲೆಕ್ಕ. ಅರಣ್ಯ ಸಿಬ್ಬಂದಿ ಎದುರಿನ ಬಂಡೆಗಳಿಗೆ ಬೆಲ್ಲದ ಪಾಕ ಬಳಿದು ಹೋದ ಮೇಲೆ, ಸಾಮಾನ್ಯವಾಗಿ ಸಂಜೆ 4ರಿಂದ 6ರೊಳಗೆ ಕರಡಿಗಳು ಇಳಿಯುತ್ತವೆ. ನೋಡುವುದು ವೀಕ್ಷಣಾ ಗೋಪುರದಿಂದ; ಹತ್ತಿರ ಹೋಗುವ ಮಾತೇ ಇಲ್ಲ. ಡಿ500ನಂಥ ಡಿಎಕ್ಸ್ (ಚಿಕ್ಕ ಸೆನ್ಸರಿನ) ಬಾಡಿಯಲ್ಲಿ 500 ಎಂಎಂ ಇಟ್ಟರೆ 100 ಮೀಟರ್ ದೂರದಲ್ಲಿ ಫ್ರೇಮಿನ ಅಗಲ 4.7 ಮೀಟರ್. ಒಂದೂವರೆ ಮೀಟರಿನ ಕರಡಿ ಅಡ್ಡ ನಿಂತರೆ ಫ್ರೇಮಿನ ಮೂರನೇ ಒಂದು ಭಾಗ ತುಂಬುತ್ತದೆ, 200 ಮೀಟರಿಗೆ ಆರನೇ ಒಂದು. ದೊಡ್ಡ ಸೆನ್ಸರಿನ ಫುಲ್ ಫ್ರೇಮ್‌ನಲ್ಲಿ 100 ಮೀಟರಿಗೇ ಅಗಲ 7.2 ಮೀಟರ್ ಆಗಿಬಿಡುತ್ತದೆ. ಹಾಗಾಗಿ ಈ ಲೆನ್ಸಿಗೆ ದರೋಜಿಯಲ್ಲಿ ಹಳೇ ಡಿ500 ಒಳ್ಳೆಯ ಜೋಡಿ.

ಎಕ್ಸ್‌ಪೋಷರ್‌ನಲ್ಲಿ ಎಡವುವವರು ಬಹಳ. ಕರಡಿ ಕಪ್ಪು, ಮೈನಸ್ ಹಾಕಬೇಕು, ಅಂದರೆ ಬೆಳಕು ತಗ್ಗಿಸಬೇಕು ಅಂದುಕೊಳ್ಳುತ್ತಾರೆ. ಅದು ಕರಡಿ ಫ್ರೇಮ್ ತುಂಬಿದಾಗಿನ ಮಾತು. ಗೋಪುರದಿಂದ ಕಾಣುವುದು ಬೆಳ್ಳನೆ ಬಂಡೆಯ ನಡುವೆ ಸಣ್ಣ ಕಪ್ಪು ಚುಕ್ಕೆ. ಕ್ಯಾಮೆರಾದ ಬೆಳಕಿನ ಮೀಟರ್ ಬಂಡೆಯನ್ನು ನೋಡಿ ಚಿತ್ರವನ್ನು ಕತ್ತಲು ಮಾಡುತ್ತದೆ, ಕರಡಿ ಇದ್ದಿಲಿನ ಮುದ್ದೆ ಆಗುತ್ತದೆ. +0.3ರಿಂದ +0.7ರವರೆಗೆ ಏರಿಸಿ, ಬಂಡೆಯ ಮೇಲ್ಮೈ ಸುಟ್ಟುಹೋಗಿಲ್ಲವೇ ಅಂತ ಹಿಸ್ಟೊಗ್ರಾಂ (ಬೆಳಕಿನ ಹಂಚಿಕೆ ತೋರುವ ನಕ್ಷೆ) ನೋಡಿ. ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್) ಕಡ್ಡಾಯ. ಪಾಕ ನೆಕ್ಕುವಾಗ ತಲೆ ತಗ್ಗಿರುತ್ತದೆ, ಕಣ್ಣು ಕಾಣದು. ಶಟರ್ ಒತ್ತುವುದು ಮೂತಿ ಎತ್ತಿದಾಗ.

ಜೂಮ್ ಎಷ್ಟೇ ಇದ್ದರೂ ಅಪರ್ಚರ್ (ಬೆಳಕು ಒಳಬಿಡುವ ಕಿಂಡಿ) 5.6ರಲ್ಲೇ ನಿಲ್ಲುವುದು ಇದರ ಹೆಚ್ಚುಗಾರಿಕೆ ಅಂತ ಎಲ್ಲರೂ ಹೇಳುತ್ತಾರೆ. ನಿಜ, ಆದರೆ ಅತಿ ಮಾಡಬೇಡಿ. 600 ಎಂಎಂಗೆ ಎಫ್ 6.3 ಆಗುವ ಸಿಗ್ಮಾ, ಟ್ಯಾಮ್ರಾನ್ 150-600ಗಳು ಐಎಸ್ಒ (ಬೆಳಕಿಗೆ ಸೆನ್ಸರ್ ಸ್ಪಂದಿಸುವ ಮಟ್ಟ) 2000 ಕೇಳುವಲ್ಲಿ ಇದು 1600ಕ್ಕೆ ಮುಗಿಸುತ್ತದೆ, ಅಷ್ಟೇ. ನಿಜವಾದ ಬಲ ವಿಆರ್, ಅಂದರೆ ಕೈ ನಡುಕ ತಗ್ಗಿಸುವ ವ್ಯವಸ್ಥೆ. ನಿಂತ ಕರಡಿಗೆ ನಾರ್ಮಲ್ ಮೋಡ್, ಸೆಕೆಂಡಿನ 1/250. ಹಾರುವ ಹಕ್ಕಿಯ ಹಿಂದೆ ಲೆನ್ಸ್ ತಿರುಗಿಸುವಾಗ ಸ್ಪೋರ್ಟ್ ಮೋಡ್, 1/1600ಕ್ಕೆ ಕಡಿಮೆ ಬೇಡ.

ಇನ್ನು ಬಿಸಿಲು. "500ರಲ್ಲಿ ಸಾಫ್ಟ್ ಬರುತ್ತೆ" ಅನ್ನುವ ದೂರಿನಲ್ಲಿ ಬಹುಪಾಲು ಲೆನ್ಸಿನದಲ್ಲ, ಬಂಡೆಯದು. ಬೇಸಿಗೆಯಲ್ಲಿ ಒಂಬತ್ತೂವರೆಯಷ್ಟೊತ್ತಿಗೆ ಬಂಡೆ ಕಾದು ಗಾಳಿ ಅಲೆಯಾಗಿ ಏಳುತ್ತದೆ. ಐವತ್ತು ಮೀಟರ್ ದಾಟಿದ ವಸ್ತು ನೀರಿನಡಿ ಇದ್ದಂತೆ ಕದಲುತ್ತದೆ. ಇಪ್ಪತ್ತು ಫ್ರೇಮ್ ಹೊಡೆದು ನೋಡಿ: ಒಂದೊಂದರಲ್ಲಿ ಒಂದೊಂದು ಭಾಗ ಚೂಪಾಗಿದ್ದರೆ ಅದು ಗಾಳಿಯ ಆಟ. ಇಪ್ಪತ್ತೂ ಒಂದೇ ಥರ ಮಂಕಾಗಿದ್ದರೆ ಫೋಕಸ್ ತಪ್ಪು. ಗಾಳಿಯ ಆಟಕ್ಕೆ ಯಾವ ಲೆನ್ಸೂ ಮದ್ದಲ್ಲ. ಚಿತ್ರ ಹಿಗ್ಗಿಸಲು ಲೆನ್ಸಿನ ಹಿಂದೆ 1.4 ಪಟ್ಟಿನ ಟೆಲಿಕನ್ವರ್ಟರ್ ಹಾಕಿದರೆ ಅಪರ್ಚರ್ ಎಫ್ 8 ಆಗಿ, ಡಿಎಸ್ಎಲ್ಆರ್‌ನಲ್ಲಿ ಬೆರಳೆಣಿಕೆಯ ಫೋಕಸ್ ಪಾಯಿಂಟ್ ಉಳಿದು, ಅದೇ ಅಲೆ ಇನ್ನಷ್ಟು ದೊಡ್ಡದಾಗಿ ಕಾಣುತ್ತದೆ. ದುಡ್ಡು ಉಳಿಸಿ. ಕಾರಿನಲ್ಲಿ ಕಾದ ಲೆನ್ಸನ್ನು ಹೊರತೆಗೆದು ಇಪ್ಪತ್ತು ನಿಮಿಷ ನೆರಳಲ್ಲಿ ಇಡಿ. ಕೊಳವೆಯೊಳಗಿನ ಬಿಸಿ ಗಾಳಿಯೂ ಚಿತ್ರ ಕೆಡಿಸುತ್ತದೆ.

ಲೆನ್ಸಿನ ತೂಕ ಟ್ರೈಪಾಡ್ ಕಾಲರ್ ಸೇರಿ 2.3 ಕಿಲೋ. ಡಿ500 ಹಾಕಿದರೆ ಮೂರು ಕಿಲೋ ದಾಟುತ್ತದೆ. ಅಂಜನಾದ್ರಿಯ ಐನೂರಕ್ಕೂ ಮಿಕ್ಕ ಮೆಟ್ಟಿಲಿಗೆ ಇದನ್ನು ಕೊರಳಿಗೆ ನೇತುಹಾಕಿಕೊಂಡು ಹತ್ತಬೇಡಿ, ಬ್ಯಾಗಿನಲ್ಲಿಡಿ. ಹತ್ತಿದರೆ ಫಲ ಉಂಟು: ಸೂರ್ಯ ಹುಟ್ಟುವ ಹೊತ್ತಿಗೆ 200-300 ಎಂಎಂನಲ್ಲಿ ಬಂಡೆಗುಡ್ಡದ ಸಾಲು ಒಂದರ ಹಿಂದೊಂದು ಒತ್ತಿಕೊಂಡು, ನಡುವೆ ಗದ್ದೆಯ ಹಸಿರು, ಹೊಳೆಯ ಪಟ್ಟಿ ಬರುತ್ತವೆ. ಎಫ್ 8, ಟ್ರೈಪಾಡ್, ವಿಆರ್ ಆಫ್, ಮಿರರ್ ಮೇಲೆತ್ತಿ ಎರಡು ಸೆಕೆಂಡ್ ತಡೆದು ಕ್ಲಿಕ್. ಗಾಳಿ ಬೀಸಿದರೆ ಹುಡ್ ತೆಗೆಯಿರಿ, ಅದು ಹಾಯಿಯಂತೆ ಗಾಳಿ ಹಿಡಿಯುತ್ತದೆ.

ಉಳಿದೆಡೆ ಟ್ರೈಪಾಡ್‌ಗಿಂತ ಬೀನ್‌ಬ್ಯಾಗ್ ಮೇಲು. ಜೀನ್ಸ್ ಬಟ್ಟೆಯ ಚೀಲಕ್ಕೆ ಎರಡು ಕಿಲೋ ಅಕ್ಕಿ ಸಾಕು. ಗಂಗಾವತಿಯಲ್ಲಿ ಅಕ್ಕಿಗೇನು ಬರ. ಹಗುರ ಅಂತ ಮಂಡಕ್ಕಿ ತುಂಬಿದರೆ ಪುಡಿಯಾಗಿ ಕುಸಿಯುತ್ತದೆ.

ಹೊಳೆ ದಂಡೆಯಲ್ಲಿ ಈ ಚೀಲದ ಬೆಲೆ ಗೊತ್ತಾಗುತ್ತದೆ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ತುಂಗಭದ್ರೆ ನೀರುನಾಯಿ ಸಂರಕ್ಷಣಾ ಮೀಸಲು. ಘೋಷಣೆಯಾದದ್ದೂ ಲೆನ್ಸ್ ಬಂದ 2015ರಲ್ಲೇ. ನೀರುನಾಯಿಯ ತಲೆ ಮಾತ್ರ ನೀರ ಮೇಲಿರುತ್ತದೆ. ನಿಂತು ತೆಗೆದರೆ ತೇಲುವ ತೆಂಗಿನಕಾಯಿ. ದಂಡೆಯ ಮೇಲೆ ಮಲಗಿ, ಲೆನ್ಸನ್ನು ಚೀಲಕ್ಕೊರಗಿಸಿ ನೀರಿನ ಮಟ್ಟಕ್ಕೆ ಬಂದರೆ ಮುಖ ಕಾಣುತ್ತದೆ. ಫೋಕಸ್ ಸ್ವಿಚ್ಚನ್ನು "ಇನ್ಫಿನಿಟಿ-6 ಮೀ" ಕಡೆ ತಳ್ಳಿ. ಇದರ ಫೋಕಸ್ ಮೋಟಾರ್ ನಿಧಾನ. ಫುಲ್‌ನಲ್ಲಿಟ್ಟರೆ ಒಂದು ಸಲ ತಪ್ಪಿ 2.2 ಮೀಟರ್‌ವರೆಗೆ ಹೋಗಿ ವಾಪಸ್ ಬರುವುದರೊಳಗೆ ಪ್ರಾಣಿ ಮುಳುಗಿರುತ್ತದೆ. ಜೂಮ್ ರಿಂಗೂ ಉದ್ದದ್ದು, 200ರಿಂದ 500ಕ್ಕೆ ಕೈ ಎರಡು ಸಲ ತಿರುಗಬೇಕು. 350ರ ಸುಮಾರಿಗೆ ಇಟ್ಟು ಕಾಯಿರಿ. 10 ಮೀಟರಿಗೆ 500 ಎಂಎಂ, ಎಫ್ 5.6ರಲ್ಲಿ ಫೋಕಸಿನ ಆಳ ಡಿಎಕ್ಸ್‌ನಲ್ಲಿ ಸುಮಾರು 9 ಸೆಂ.ಮೀ. ಮಾತ್ರ, ಆದ್ದರಿಂದ ಪಾಯಿಂಟ್ ಕಣ್ಣಿನ ಮೇಲೇ ಇರಲಿ.

ದೂಳು ಇದರ ದೊಡ್ಡ ಶತ್ರು. ಜೂಮ್ ಮಾಡಿದಾಗ ಕೊಳವೆ ಹೊರಬರುವ ಲೆನ್ಸ್ ಇದು, ಪಂಪಿನಂತೆ ಗಾಳಿ ಎಳೆಯುತ್ತದೆ. ಸಂಡೂರಿನ ಅದಿರು ಲಾರಿ ಓಡುವ ರಸ್ತೆಯಲ್ಲಿ ಆ ಗಾಳಿಯ ಬಣ್ಣ ಕೆಂಪು. ಜೂಮ್ ಒಳಸರಿಸುವ ಮೊದಲು ಕೊಳವೆಯನ್ನು ಒಣ ಬಟ್ಟೆಯಿಂದ ಒರೆಸಿ. ಮುಂಭಾಗದ ಗಾಜಿನ ನಾಲ್ಕು ಕಣ ಚಿತ್ರ ಕೆಡಿಸವು, ಉಜ್ಜಬೇಡಿ.

ನಿಕಾನ್‌ನ ಮಿರರ್‌ಲೆಸ್ ಝಡ್ ಬಾಡಿ ಇರುವವರು ಅಡಾಪ್ಟರ್ ಹಾಕಿ ಇದನ್ನು ಬಳಸಬಹುದು. ಹೊಸದಾಗಿ ಕೊಳ್ಳುವುದಾದರೆ 2023ರ ನಿಕಾನ್ ಝಡ್ 180-600 ಸರಿಯಾದ ಆಯ್ಕೆ: ಕೊಳವೆ ಹೊರಬರುವುದಿಲ್ಲ, ಜೂಮ್ ಒಂದೇ ತಿರುವಿಗೆ ಮುಗಿಯುತ್ತದೆ. ಡಿ80, ಡಿ200, ಡಿ3000ದಂಥ ಹಳೇ ಬಾಡಿಯವರು ಎರಡನ್ನೂ ಮರೆಯಿರಿ. 200-500ರ ವಿದ್ಯುತ್ ಅಪರ್ಚರ್ ಅವುಗಳ ಮಾತು ಕೇಳುವುದಿಲ್ಲ.

ಹಳೆಯದನ್ನು ನೋಡಲು ಹೋದಾಗ ಟಾರ್ಚ್ ಒಯ್ಯಿರಿ. ಹಿಂದಿನಿಂದ ಬೆಳಕು ಹಾಯಿಸಿ ಜೇಡರ ಬಲೆಯಂಥ ಫಂಗಸ್ ಹುಡುಕಿ. ಬಿಡಿ ದೂಳಿಗೆ ಹೆದರಬೇಡಿ. ಜೂಮ್ ರಬ್ಬರ್ ಸಡಿಲಾಗಿದೆಯೇ, 500ಕ್ಕೆ ಚಾಚಿದಾಗ ಕೊಳವೆ ಅತಿಯಾಗಿ ಅಲುಗುತ್ತದೆಯೇ ನೋಡಿ. ಗೋಡೆಗೆ ಪತ್ರಿಕೆಯ ಹಾಳೆ ಅಂಟಿಸಿ, 20 ಮೀಟರ್ ದೂರದಿಂದ ನಿಮ್ಮದೇ ಬಾಡಿಯಲ್ಲಿ ಒಮ್ಮೆ ವ್ಯೂಫೈಂಡರ್‌ನಲ್ಲಿ, ಒಮ್ಮೆ ಲೈವ್ ವ್ಯೂನಲ್ಲಿ ತೆಗೆಯಿರಿ. ಲೈವ್ ವ್ಯೂನದು ಮಾತ್ರ ಚೂಪಾಗಿದ್ದರೆ ಕ್ಯಾಮೆರಾದಲ್ಲಿ ಫೋಕಸ್ ತಿದ್ದುವ ಸೆಟ್ಟಿಂಗ್ ಆದ ಎಎಫ್ ಫೈನ್ ಟ್ಯೂನ್‌ನಿಂದ ಸರಿಪಡಿಸಬಹುದು. ಎರಡೂ ಮಂಕಾಗಿದ್ದರೆ ವಾಪಸ್ ಕೊಟ್ಟು ಬನ್ನಿ. ಈ ಪರೀಕ್ಷೆ ಬೆಳಿಗ್ಗೆ ಎಂಟರೊಳಗೇ ಆಗಲಿ, ಗೋಡೆ ಕಾದ ಮೇಲಲ್ಲ.