ಬರೆಯೋಕೆ ಅಂತ ಜಾಂಬೋಟಿ ಕಡೆ ರೂಮ್ ಬುಕ್ ಮಾಡುವವರೇ, ಮೊದಲು ಇದನ್ನು ಓದಿ

ಫೋಟೋದಲ್ಲಿ ಮೇಜು ಕಂಡರೆ ಅದು ನಿಮಗೇ ಸಿಗುತ್ತದೆ ಅಂದುಕೊಳ್ಳಬೇಡಿ. ಬೆಳಗಾವಿ ಜಿಲ್ಲೆ ಖಾನಾಪುರ ತಾಲ್ಲೂಕಿನ ಜಾಂಬೋಟಿ, ಕಣಕುಂಬಿ ಕಡೆ ಹೋಮ್‌ಸ್ಟೇ ಹುಡುಕುತ್ತಿರುವವರಿಗೆ, ಅದರಲ್ಲೂ ಕೂತು ಬರೆಯಲು ಹೋಗುವವರಿಗೆ ಇದನ್ನು ಹೇಳಲೇಬೇಕು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ದೀಪಾವಳಿ ವಿಶೇಷಾಂಕಕ್ಕೆ ಕಥೆ ಕಳಿಸಬೇಕಿತ್ತು. ಬಾಗಲಕೋಟೆಯ ನಮ್ಮ ಮನೆಯಲ್ಲಿ ಟಿವಿ, ಕುಕ್ಕರ್ ಸೀಟಿ, ಬಂದು ಹೋಗುವ ಜನ. ಒಂದು ಪುಟ ನೆಟ್ಟಗೆ ಮುಗಿಯುತ್ತಿರಲಿಲ್ಲ. ಮಲಪ್ರಭೆ ಹುಟ್ಟುವ ಜಾಗದ ಹತ್ತಿರ, ಮಳೆಗಾಲದಲ್ಲಿ, ಸುಮ್ನೆ ಕೂತು ಬರೆಯಬೇಕು ಅನ್ನೋ ಆಸೆ ಬಹಳ ಹಳೆಯದು. ಅಲ್ಲಿನ ಒಂದು ಹೋಮ್‌ಸ್ಟೇ ಜಾಹೀರಾತಿನಲ್ಲಿ 'ಬರಹಗಾರರಿಗೆ ಹೇಳಿ ಮಾಡಿಸಿದ ಜಾಗ' ಅಂತಲೇ ಬರೆದಿತ್ತು. ಕಿಟಕಿಗೆ ಹಚ್ಚಿ ಅಗಲವಾದ ಸಾಗವಾನಿ ಮೇಜು, ಬೆತ್ತದ ಕುರ್ಚಿ, ಎಡಗಡೆಯಿಂದ ಬೆಳಕು. ಬಲಗೈಯಲ್ಲಿ ಬರೆಯುವವರಿಗೆ ಬೆಳಕು ಎಡದಿಂದಲೇ ಬರಬೇಕು, ಇಲ್ಲದಿದ್ದರೆ ಕೈ ನೆರಳು ಅಕ್ಷರದ ಮೇಲೆ ಬೀಳುತ್ತದೆ. ಅದನ್ನು ನೋಡಿಯೇ ನಾನು ಫೋನ್ ಮಾಡಿದ್ದು.

"ಮೇಜು ಇದೆಯಲ್ವಾ?" ಅಂತ ಕೇಳಿದೆ.

"ಐತ್ರೀ ಮೇಡಂ, ಫೋಟೋದಾಗ ಕಾಣಸೂದಿಲ್ಲೇನ್ರೀ?"

ಅರ್ಧ ದುಡ್ಡು ಆಗಲೇ ಕಳಿಸಿದೆ.

ಹೋಗಿ ನೋಡಿದರೆ ರೂಮಿನಲ್ಲಿ ದೊಡ್ಡ ಮಂಚ, ಮೊಣಕಾಲಿಗಿಂತ ಗಿಡ್ಡದೊಂದು ಟೀಪಾಯ್, ಒಂದು ಪ್ಲಾಸ್ಟಿಕ್ ಕುರ್ಚಿ. ಕಿಟಕಿ ತೆರೆದರೆ ಎದುರಿಗೆ ಗೋಡೆ. ಮೊದಲು ರೂಮ್ ತಪ್ಪಿರಬೇಕು ಅಂದುಕೊಂಡೆ. ಕೆಲಸದ ಹುಡುಗ ಇದೇ ಅಂದ. ಬ್ಯಾಗು ಇಟ್ಟು ಪಡಸಾಲೆಯಲ್ಲಿ ಓಡಾಡುವಾಗ ಕೊನೆಯ ಬಾಗಿಲಿಗೆ ಬೀಗ ಕಂಡಿತು. ಪಕ್ಕದ ಗಾಜಿನಿಂದ ಒಳಗೆ ಇಣುಕಿದೆ. ಅದೇ ಕಿಟಕಿ. ಅದೇ ಬೆತ್ತದ ಕುರ್ಚಿ. ಅದೇ ಮೇಜು, ಅದರ ಮೇಲೆ ಗಾದಿ ಒಟ್ಟಿದ್ದರು. ನಾನು ದುಡ್ಡು ಕೊಟ್ಟಿದ್ದು ಆ ಮೇಜಿಗೆ, ಅದು ಬೀಗದ ಒಳಗೆ! ಆ ಗಾಜಿನ ಮುಂದೆ ನಿಂತಾಗ ಆದ ಅವಮಾನ ಹೇಳಲಾಗದು. ಆ ಹುಡುಗ ನನ್ನನ್ನೇ ನೋಡುತ್ತಿದ್ದ.

ಮಾಲೀಕರಿಗೆ ಫೋನ್ ಮಾಡಿದೆ.

"ಆ ರೂಮ್ ನಮ್ಮ ಮನಿಮಂದೀದ್ರೀ, ಬಾಡಗಿಗೆ ಕೊಡೂದಿಲ್ಲ."

ಮತ್ತೆ ಫೋಟೋ ಯಾಕೆ ಹಾಕಿದಿರಿ?

"ಫೋಟೋ ಮನೀದು ಹಾಕೇವ್ರೀ. ನಿಮ್ಮ ರೂಮಿಂದಂತ ಎಲ್ಲಿ ಬರದೇವಿ?"

ಮೇಜನ್ನಾದರೂ ನನ್ನ ರೂಮಿಗೆ ಹಾಕಿಸಿ ಅಂದೆ. "ಬಾಗಲಾಗ ಹಿಡಿಯೂದಿಲ್ರೀ." ಕಡೆಗೆ ಹೇಳಿದ್ದು ಇದು: "ಎಲ್ಲಾರೂ ಇಲ್ಲಿಗೆ ಆರಾಮ ಮಾಡಾಕ ಬರ್ತಾರ, ನೀವೊಬ್ರ ಮೇಜ್ ಕೇಳಾಕತ್ತೀರಿ. ಕಥಿ ಬರಿಯಾಕ ಮೇಜ್ ಯಾಕ ಬೇಕ್ರೀ? ಮಂಚದ ಮ್ಯಾಲ ಕುಂತ ಬರೀರಲ್ಲ."

ಈ ಮಾತು ನನಗೆ ದುಡ್ಡಿಗಿಂತ ಜಾಸ್ತಿ ನೋವು ಕೊಟ್ಟಿತು. ಬರೆಯುವುದು ಕೆಲಸ ಅಲ್ವಾ? ಮಂಚದ ಮೇಲೂ ಕೂತು ನೋಡಿದೆ. ಗಾದಿ ಕುಸಿಯುತ್ತದೆ, ಬೆನ್ನಿಗೆ ಆಸರೆ ಇಲ್ಲ, ಕುತ್ತಿಗೆ ಹಿಡಿಯಿತು. ಟೀಪಾಯ್ ಮೇಲೆ ಬರೆಯಲು ಪೂರ್ತಿ ಬಗ್ಗಬೇಕು. ವರಾಂಡದಲ್ಲಿ ಕೂತರೆ ಎರಚಲು ಮಳೆ, ಹಾಳೆಯೆಲ್ಲ ಒದ್ದೆ. ಖಾನಾಪುರ ತಾಲ್ಲೂಕಿನ ಮಳೆ ಗೊತ್ತಲ್ಲ, ಹಿಡಿದರೆ ಬಿಡುವುದಿಲ್ಲ. ಊಟದ ಮೇಜು ಒಂದೇ, ಅಲ್ಲಿ ಬೇರೆಯವರು ಸ್ಪೀಕರ್ ಹಚ್ಚಿಕೊಂಡು ಇಸ್ಪೀಟು ಆಡುತ್ತಿದ್ದರು. ಕಥೆ ಅರ್ಧಕ್ಕೇ ನಿಂತಿತು. ಕೊನೆಯ ದಿನಾಂಕವೂ ದಾಟಿತು. ಅದನ್ನು ಯಾರು ವಾಪಸ್ ಕೊಡುತ್ತಾರೆ?

ಅಡ್ವಾನ್ಸ್ ವಾಪಸ್ ಕೇಳಿದರೆ "ರೂಮ್ ಬಳಸೀರಲ್ರೀ" ಅಂತ ಉತ್ತರ. ಆಮೇಲೆ ಫೋನೇ ಎತ್ತುತ್ತಿಲ್ಲ.

ನೀವು ಹೋಗುವುದಾದರೆ ನಿಮಗೆ ಕೊಡುವ ರೂಮಿನ ವಿಡಿಯೋ ಕಳಿಸಲು ಹೇಳಿ, ಬಾಗಿಲಿನಿಂದ ಶುರುವಾಗಿ ಮೇಜಿನ ತನಕ. ಮೇಜಿನ ಎತ್ತರ ಕೇಳಿ. 29-30 ಇಂಚು ಇರಬೇಕು, ಕುರ್ಚಿಯಲ್ಲಿ ಕೂರುವ ಜಾಗದ ಎತ್ತರ 17-18. ಮೇಜಿನ ಹತ್ತಿರ ಪ್ಲಗ್ ಪಾಯಿಂಟ್ ಇದೆಯಾ, ಕರೆಂಟ್ ಹೋದರೆ ದೀಪ ಇರುತ್ತದಾ, ಅದನ್ನೂ ಕೇಳಿ. ಉತ್ತರ ಬರಹದಲ್ಲೇ ಬರಲಿ, ಫೋನಿನ ಮಾತಿಗೆ ಬೆಲೆ ಇಲ್ಲ. 'ಫೋಟೋದಾಗ ಐತಲ್ರೀ' ಅಂದರೆ ಒಂದು ರೂಪಾಯಿಯೂ ಕಳಿಸಬೇಡಿ.

ದಾರಿ ತಪ್ಪಿಸುವ ಜಾಹೀರಾತಿನ ಮೇಲೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೂರು ಕೊಡಬಹುದು. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ. ಜಾಹೀರಾತಿನ ಸ್ಕ್ರೀನ್‌ಶಾಟ್, ದುಡ್ಡು ಕಳಿಸಿದ ರಸೀದಿ, ಬೀಗ ಹಾಕಿದ ರೂಮಿನ ಫೋಟೋ ಎಲ್ಲ ನನ್ನ ಹತ್ತಿರ ಇವೆ. ಅದೇ ಮೇಜು ನೋಡಿ ದುಡ್ಡು ಕಟ್ಟಿದವರು ಬೇರೆ ಯಾರಾದರೂ ಇದ್ದರೆ ಹೇಳಿ, ಜಿಲ್ಲಾ ಗ್ರಾಹಕರ ಆಯೋಗಕ್ಕೆ ಒಟ್ಟಿಗೇ ಹೋಗೋಣ.